ಮರೆವು ಮಾತ್ರೆಯಿಂದಲೇ?

ಪ್ರಶ್ನೆ: ನಾನು 46 ವರ್ಷದ ಶಿಕ್ಷಕಿ. ಖಿನ್ನತೆಗೆಂದು ನಾಲ್ಕು ತಿಂಗಳಿಂದ ಎಸ್ಸಿಟಾಲೋಪ್ರಾಮ್, ರಾತ್ರಿ ಕ್ಲೋನಾಜೆಪಾಮ್ ನುಂಗುತ್ತಿದ್ದೇನೆ. ತರಗತಿಯ ಮಕ್ಕಳ ಹೆಸರೇ ನೆನಪಾಗುವುದಿಲ್ಲ. ಮಾತ್ರೆ ನಿಲ್ಲಿಸಲೇ?

ಉತ್ತರ: ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಎಸ್ಸಿಟಾಲೋಪ್ರಾಮ್ ಥಟ್ಟನೆ ಬಿಟ್ಟರೆ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಕ್ಲೋನಾಜೆಪಾಮ್ ಹಾಗೆ ಬಿಟ್ಟರೆ ಫಿಟ್ಸ್ ಬರುವ ಅಪಾಯವೂ ಇದೆ.

ಖಿನ್ನತೆ ಉತ್ಸಾಹವನ್ನಷ್ಟೇ ಕುಗ್ಗಿಸುವುದಿಲ್ಲ. ಗಮನ, ಯೋಚನೆಯ ವೇಗ, ನೆನಪು ಮೂರನ್ನೂ ಮಂಕಾಗಿಸುತ್ತದೆ. ಹಾಜರಿ ಕರೆಯುವಾಗ ಮನಸ್ಸು ಬೇರೆಲ್ಲೋ ಇದ್ದರೆ ಹೆಸರು ತಲೆಯೊಳಗೆ ಇಳಿಯುವುದೇ ಇಲ್ಲ, ಆಮೇಲೆ ನೆನಪಾಗುವುದೆಲ್ಲಿಂದ? ಎಸ್ಸಿಟಾಲೋಪ್ರಾಮ್ ಗುಂಪಿನ ಔಷಧಗಳಿಂದ ಖಿನ್ನತೆ ಇಳಿದಂತೆ ಅನೇಕರಲ್ಲಿ ಇದೂ ಸುಧಾರಿಸುತ್ತದೆ, ಆದರೆ ನಿಧಾನವಾಗಿ. ಮನಸ್ಸು ಹಗುರಾದ ಮೇಲೂ ಗಮನದ ಕೊರತೆ ಕೆಲವರಲ್ಲಿ ಉಳಿಯುವುದುಂಟು.

ನನ್ನ ಅನುಮಾನ ಹೆಚ್ಚಾಗಿ ಕ್ಲೋನಾಜೆಪಾಮ್ ಮೇಲೆ. ಹೊಸದನ್ನು ನೆನಪಿಟ್ಟುಕೊಳ್ಳುವ ಶಕ್ತಿಯನ್ನು ಅದು ಕುಂದಿಸುತ್ತದೆ. ನಿದ್ದೆಗೆಂದು ಕೆಲವೇ ವಾರಕ್ಕೆ ಬರೆದುಕೊಟ್ಟ ಈ ಮಾತ್ರೆಯನ್ನು ನಮ್ಮಲ್ಲಿ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ಇದು ನನಗೆ ನಿಜಕ್ಕೂ ಕಳವಳದ ವಿಷಯ. ಖಿನ್ನತೆಗೆ ಕೊಡುವ ಹಳೆಯ ಔಷಧ ಅಮಿಟ್ರಿಪ್ಟಿಲಿನ್‌ನಿಂದಲೂ, ಅದರಲ್ಲೂ ವಯಸ್ಸಾದವರಿಗೆ, ಮರೆವು ಹೆಚ್ಚಬಹುದು.

ಚೀಟಿಗಳನ್ನೆಲ್ಲ ಹಿಡಿದು ನಿಮ್ಮ ಮನೋವೈದ್ಯರನ್ನೇ ಕಾಣಿ. ಕ್ಲೋನಾಜೆಪಾಮ್ ಅನ್ನು ಹಂತಹಂತವಾಗಿ ಇಳಿಸಬಹುದೇ ಎಂದು ನೇರವಾಗಿ ಕೇಳಿ. ಥೈರಾಯ್ಡ್, ಬಿ12, ಸೋಡಿಯಂ ಪರೀಕ್ಷೆಯ ಬಗ್ಗೆಯೂ ವಿಚಾರಿಸಿ; ಇವುಗಳ ಏರುಪೇರೂ ತಲೆ ಮಂಕಾಗಿಸುತ್ತದೆ. ಅಷ್ಟರೊಳಗೆ ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.