ಒಂದೇ ತಂತಿ, ಹಲವು ಬಾಗಿಲು

"ಸರ್, ಆಫೀಸಿನ ಕಂಪ್ಯೂಟರ್ ನಮ್ಮ ಲ್ಯಾಬಿನಿಂದ ಓಪನ್ ಆಗ್ತಿದೆ."

ದ್ವಿತೀಯ ಪಿಯುಸಿಯ ವಿದ್ಯಾರ್ಥಿಯೊಬ್ಬ ಪ್ರಾಕ್ಟಿಕಲ್ ಮುಗಿಸಿ ಬಂದು ಹೀಗೆಂದಾಗ ನಾನು ನಂಬಲಿಲ್ಲ. ಹಿಂದಿನ ದಿನವಷ್ಟೇ ಎರಡನ್ನೂ ಬೇರ್ಪಡಿಸಿದ್ದೆ. ಅವನು ನನ್ನೆದುರೇ ವಿಳಾಸ ಟೈಪ್ ಮಾಡಿದ. ಹಾಜರಾತಿ ಮತ್ತು ಅಂಕಪಟ್ಟಿಗಳ ಫೋಲ್ಡರ್ ತೆರೆದುಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ನನಗೆ ಹೇಳುತ್ತಿದ್ದರೋ ಇಲ್ಲವೋ! ತಪ್ಪು ನನ್ನದೇ. ಅದು ಎಲ್ಲಿ ಆಯಿತು ಎಂಬುದನ್ನು ನಿಮಗೂ ಹೇಳಬೇಕು.

ನಮ್ಮ ಗೇಟ್‌ವೇ ಎಂದರೆ ಲಿನಕ್ಸ್ ಹಾಕಿದ ಒಂದು ಹಳೆಯ ಕಂಪ್ಯೂಟರ್. ಅದರಲ್ಲಿ ಎರಡು ನೆಟ್‌ವರ್ಕ್ ಕಾರ್ಡ್‌ಗಳಿವೆ: ಇಥ್0 ಕಾಲೇಜಿನ ಸ್ವಿಚ್‌ಗೆ, ಇಥ್1 ಬ್ರಾಡ್‌ಬ್ಯಾಂಡ್ ಮೋಡೆಮ್‌ಗೆ. ಕಣ್ಣಿಗೆ ಕಾಣುವ ಬಾಗಿಲು ಇವೆರಡೇ. ಆದರೆ ಯಂತ್ರದ ಲೆಕ್ಕದಲ್ಲಿ ಇನ್ನೂ ಮೂರು ಇವೆ.

ಮೊದಲನೆಯದು ಡಯಲ್ ಮಾಡಿದಾಗ ಹುಟ್ಟುವ ಬಾಗಿಲು. ಹಿಂದೆ ಟೆಲಿಫೋನ್ ಮೋಡೆಮ್ ಕಿರ್ರ್ ಎಂದು ಡಯಲ್ ಮಾಡುತ್ತಿತ್ತು, ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಆ ಸದ್ದು ನಿಮ್ಮಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಸದ್ದು ಹೋದರೂ ಪದ್ಧತಿ ಉಳಿದಿದೆ. ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿದ್ದರೆ ಗೇಟ್‌ವೇಯೇ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು 'ಡಯಲ್' ಮಾಡುತ್ತದೆ. ಇದಕ್ಕೆ ಪಿಪಿಪಿಒಇ ಎಂದು ಹೆಸರು. 1999ರಲ್ಲಿ ಇದರ ವಿವರಣೆ ಪ್ರಕಟವಾಯಿತು. ಲಾಗಿನ್ ಆದೊಡನೆ ಪಿಪಿಪಿ0 ಎಂಬ ಹೊಸ ಇಂಟರ್‌ಫೇಸ್ ಹುಟ್ಟುತ್ತದೆ, ಸಂಪರ್ಕ ಕಡಿದರೆ ಮಾಯವಾಗುತ್ತದೆ. ಇದರ ಹೊದಿಕೆಗೆ 8 ಬೈಟ್ ಬೇಕಾಗುವುದರಿಂದ ಎಂಟಿಯು 1500 ಅಲ್ಲ, 1492. ಇದನ್ನು ಮರೆತರೆ ಕೆಲವು ವೆಬ್‌ಸೈಟ್‌ಗಳು ಅರ್ಧ ತೆರೆದು ಅಲ್ಲೇ ನಿಲ್ಲುತ್ತವೆ. ಜನ 'ನೆಟ್ ಸ್ಲೋ' ಎಂದು ಬೈಯುತ್ತಾರೆ.

ಉಳಿದೆರಡು ವಿಲ್ಯಾನ್ ಬಾಗಿಲುಗಳು. ಆಫೀಸಿಗೂ ಲ್ಯಾಬಿಗೂ ಬೇರೆ ಬೇರೆ ಕೇಬಲ್ ಎಳೆಯುವ ಬದಲು, ಒಂದೇ ಕೇಬಲ್‌ನಲ್ಲಿ ಹೋಗುವ ಪ್ರತಿ ಫ್ರೇಮ್‌ಗೆ 4 ಬೈಟ್‌ಗಳ ಚೀಟಿ ಅಂಟಿಸುತ್ತೇವೆ. ಅದರಲ್ಲಿ 12 ಬಿಟ್ ವಿಲ್ಯಾನ್ ಸಂಖ್ಯೆಗೆ ಮೀಸಲು. 2ರ 12ನೇ ಘಾತ 4096. ಮೊದಲ ಮತ್ತು ಕೊನೆಯ ಸಂಖ್ಯೆಗಳನ್ನು ಬಿಟ್ಟರೆ 4094 ನಮಗೆ ಸಿಗುತ್ತವೆ. ನಾನು ಆಫೀಸಿಗೆ 10, ಲ್ಯಾಬಿಗೆ 20 ಕೊಟ್ಟೆ. ಗೇಟ್‌ವೇಯಲ್ಲಿ ಇಥ್0.10, ಇಥ್0.20 ಎಂಬ ಇಂಟರ್‌ಫೇಸ್‌ಗಳನ್ನು ಮಾಡಿ, 192.168.10.1 ಮತ್ತು 192.168.20.1 ವಿಳಾಸ ಹಾಕಿದೆ. ಸ್ವಿಚ್ ಎರಡನ್ನೂ ಚೆನ್ನಾಗಿಯೇ ಬೇರ್ಪಡಿಸಿತು.

ಅವನ್ನು ಮತ್ತೆ ಸೇರಿಸಿದ್ದು ಗೇಟ್‌ವೇ! ಎರಡೂ ಜಾಲಗಳ ದಾರಿ ಅದಕ್ಕೆ ಗೊತ್ತು, ಪ್ಯಾಕೆಟ್ ದಾಟಿಸುವುದೇ ಅದರ ಕೆಲಸ. ತಡೆಯುವ ಫೈರ್‌ವಾಲ್ ನಿಯಮವನ್ನು ನಾನು ಬರೆದಿದ್ದೆ, ಆದರೆ ಇಥ್0 ಹೆಸರಿಗೆ. ಲ್ಯಾಬಿನ ಪ್ಯಾಕೆಟ್ ಫೈರ್‌ವಾಲ್ ಕಣ್ಣಿಗೆ ಬೀಳುವುದು ಇಥ್0.20ರಿಂದ ಬಂದದ್ದಾಗಿ. ನಿಯಮದ ಮುಂದಿನ ಎಣಿಕೆ ನೋಡಿದೆ: 0 ಪ್ಯಾಕೆಟ್. ಕಾವಲುಗಾರನನ್ನು ಯಾರೂ ಬಾರದ ಬಾಗಿಲಲ್ಲಿ ನಿಲ್ಲಿಸಿದ್ದೆ.

ಆಗ ಎದೆ ಧಸಕ್ಕೆಂದಿತು. ಹೊರಗಿನ ಕಡೆ? ಅಲ್ಲಿಯೂ ಇಥ್1ಕ್ಕೆ ನಿಯಮ ಬರೆದಿದ್ದೆ, ಇಂಟರ್ನೆಟ್ ಬರುತ್ತಿದ್ದದ್ದು ಪಿಪಿಪಿ0ಯಿಂದ. ಅಲ್ಲಿಯೂ ಎಣಿಕೆ 0. ಅಂದರೆ ಗೇಟ್‌ವೇಯ ಲಾಗಿನ್ ಪುಟ ಒಂದು ದಿನವಿಡೀ ಜಗತ್ತಿಗೆಲ್ಲ ತೆರೆದಿತ್ತು.

ಮೊದಲು ಪಾಸ್‌ವರ್ಡ್ ಬದಲಿಸಿದೆ. ನಂತರ ಕ್ರಮವನ್ನೇ ತಿರುಗಿಸಿದೆ: ಮೊದಲು ಎಲ್ಲವನ್ನೂ ನಿರಾಕರಿಸುವುದು, ಆಮೇಲೆ ಬೇಕಾದದ್ದನ್ನಷ್ಟೇ ಬಿಡುವುದು. ಇಥ್0.10ರಿಂದ ಪಿಪಿಪಿ0ಗೆ ಸರಿ, ಇಥ್0.20ರಿಂದ ಪಿಪಿಪಿ0ಗೆ ಸರಿ, ಈಗಾಗಲೇ ಆರಂಭವಾದ ಸಂಪರ್ಕಗಳ ಉತ್ತರಗಳಿಗೆ ಸರಿ. ಬೇರೇನೂ ಇಲ್ಲ.

ಅದೇ ವಿದ್ಯಾರ್ಥಿಯನ್ನು ಕರೆದು ಮತ್ತೆ ವಿಳಾಸ ಟೈಪ್ ಮಾಡಿಸಿದೆ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು. ನನ್ನ ಕಡೆ, ತಡೆದ ಪ್ಯಾಕೆಟ್‌ಗಳ ಎಣಿಕೆ ಒಂದೊಂದೇ ಏರತೊಡಗಿತು.