ಹಾಸಿಗೆ ಹಿಡಿದವರ ಆರೈಕೆ ಮತ್ತು ಕಾನೂನು

ಲಕ್ವ ಹೊಡೆದು ಮಲಗಿದವರು, ಸೊಂಟದ ಮೂಳೆ ಮುರಿದು ಏಳಲಾಗದವರು, ಮರೆವಿನ ಕಾಯಿಲೆಯಿಂದ ಮನೆಯವರನ್ನೇ ಗುರುತಿಸದವರು ಇಂದು ಅನೇಕ ಮನೆಗಳಲ್ಲಿದ್ದಾರೆ. ಕುಷ್ಟಗಿ, ಯಲಬುರ್ಗಾ ಕಡೆಯ ಒಣಬೇಸಾಯದ ಊರುಗಳಿಂದ ದುಡಿಯುವ ಮಕ್ಕಳು ಗುಳೆ ಹೋದಾಗ ಮನೆಯಲ್ಲಿ ಉಳಿಯುವವರು ಇಂಥ ಹಿರಿಯರೇ. ಕೊಪ್ಪಳ, ಗಂಗಾವತಿಯಂಥ ಪಟ್ಟಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು ತಿಂಗಳ ಸಂಬಳ ಗೊತ್ತುಮಾಡಿ ಆಯಾ ಒಬ್ಬಳನ್ನು ಇಟ್ಟುಕೊಳ್ಳುತ್ತಾರೆ. ಆಕೆಗೆ ಏನು ಮಾಡಬೇಕೆಂದು ಹೇಳುತ್ತಾರೆ. ಏನು ಮಾಡಬಾರದೆಂದು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ನೀವು ಅಂಥ ಕೆಲಸ ಮಾಡುವವರಾಗಿದ್ದರೂ ಮಾಡಿಸುವವರಾಗಿದ್ದರೂ ಕೆಳಗಿನ ವಿಷಯಗಳು ನಿಮಗೆ ತಿಳಿದಿರಬೇಕು.

ಮೊದಲನೆಯದು, ಒಪ್ಪಿಕೊಂಡ ಮಾತಿನ ಬೆಲೆ. ರೋಗದಿಂದಲೋ ಅಶಕ್ತತೆಯಿಂದಲೋ ಅಸಹಾಯಕರಾದವರನ್ನು ನೋಡಿಕೊಳ್ಳುವುದಾಗಿ ಕರಾರು ಮಾಡಿಕೊಂಡವರು ಬೇಕೆಂದೇ ಆ ಕೆಲಸ ಬಿಟ್ಟರೆ ಅದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ ಇದಕ್ಕೆ ಮೂರು ತಿಂಗಳವರೆಗೆ ಸೆರೆಮನೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇದೇ ತಪ್ಪಿಗೆ ದಂಡ 200 ರೂಪಾಯಿ ಇತ್ತು. ಕರಾರು ಕಾಗದದ ಮೇಲೆಯೇ ಇರಬೇಕೆಂದಿಲ್ಲ, ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಕೆಲಸ ಬಿಡುವ ಹಕ್ಕು ಎಲ್ಲರಿಗೂ ಇದೆ. ಆದರೆ ಮನೆಯವರು ಊರಲ್ಲಿಲ್ಲದ ದಿನ ರೋಗಿಯನ್ನು ಒಬ್ಬರನ್ನೇ ಬಿಟ್ಟು ಬಾಗಿಲು ಹಾಕಿಕೊಂಡು ಹೋಗುವ ಹಕ್ಕು ಇಲ್ಲ. ಮುಂಚಿತವಾಗಿ ತಿಳಿಸಿ, ಇನ್ನೊಬ್ಬರ ಕೈಗೆ ಒಪ್ಪಿಸಿ ಹೋಗಬೇಕು.

ಹಾಸಿಗೆ ಹುಣ್ಣು ಮತ್ತು ನೀರು

ನಿರ್ಲಕ್ಷ್ಯವೆಂದರೆ ಹೊಡೆಯುವುದು ಬಡಿಯುವುದು ಮಾತ್ರವಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದವರ ಬೆನ್ನಿನ ಕೆಳಭಾಗ, ಸೊಂಟದ ಬದಿ, ಹಿಮ್ಮಡಿಗಳಲ್ಲಿ ರಕ್ತಸಂಚಾರ ನಿಂತು ಚರ್ಮ ಸಾಯುತ್ತದೆ. ಮೊದಲು ಕೆಂಪಗಿನ ಅಥವಾ ಕಪ್ಪಗಿನ ಗುರುತು ಕಾಣುತ್ತದೆ. ಬೆರಳಿನಿಂದ ಒತ್ತಿದಾಗ ಆ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒದ್ದೆ ಬಟ್ಟೆ ಕೂಡಲೇ ತೆಗೆಯುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಣಕಾಲಿನ ಕೆಳಗೆ ದಿಂಬು ಕೊಡುವುದು – ಇವಿಷ್ಟರಿಂದ ಬಹುಪಾಲು ಹುಣ್ಣು ತಪ್ಪುತ್ತವೆ. ಕೆಂಪಾದ ಜಾಗವನ್ನು ಗಟ್ಟಿಯಾಗಿ ತಿಕ್ಕಬೇಡಿ.

ಇದು ಆಗುವ ಮಾತೇ ಎಂದು ಕೇಳುವವರಿಗೆ ಅರುಣಾ ಶಾನಭಾಗರ ಪ್ರಕರಣ ಉತ್ತರ. ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಈ ಹೆಣ್ಣುಮಗಳು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್ 27ರಂದು ಆಸ್ಪತ್ರೆಯಲ್ಲೇ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ 41 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಹಾಸಿಗೆಯಲ್ಲಿದ್ದರು. ಅಷ್ಟು ವರ್ಷ ಅವರನ್ನು ನೋಡಿಕೊಂಡ ನರ್ಸುಗಳು ಒಂದು ಹಾಸಿಗೆ ಹುಣ್ಣೂ ಆಗದಂತೆ ಕಾಪಾಡಿದ್ದರೆಂಬುದು ಸುಪ್ರೀಂ ಕೋರ್ಟಿನವರೆಗೆ ಹೋಗಿ ಮೆಚ್ಚುಗೆ ಪಡೆಯಿತು. ದೊಡ್ಡ ಆಸ್ಪತ್ರೆಯ ಸೌಕರ್ಯ ನಮ್ಮ ಹಳ್ಳಿಮನೆಯಲ್ಲಿಲ್ಲ, ನಿಜ. ಆದರೆ ಮಗ್ಗುಲು ಬದಲಿಸಲು ಯಂತ್ರವೇನೂ ಬೇಕಿಲ್ಲ.

ಇನ್ನೊಂದು ತಪ್ಪು ಲೆಕ್ಕವೂ ಇದೆ. ಹಾಸಿಗೆ ಒದ್ದೆಯಾಗುತ್ತದೆಂದು ಸಂಜೆಯ ನಂತರ ನೀರನ್ನೇ ಕೊಡದಿರುವುದು. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ಕಡಿಮೆ. ನಮ್ಮ ಭಾಗದ ಬೇಸಿಗೆಯಲ್ಲಿ ನೀರು ತಪ್ಪಿಸಿದರೆ ಮೂತ್ರದ ಸೋಂಕು, ಮಲಬದ್ಧತೆ, ದಿಗ್ಭ್ರಮೆ ಒಂದರ ಹಿಂದೊಂದು ಬರುತ್ತವೆ. ವೈದ್ಯರೇ ನೀರಿಗೆ ಮಿತಿ ಹಾಕಿದ್ದರೆ ಮಾತು ಬೇರೆ. ಬಟ್ಟೆ ಒಗೆಯುವ ಶ್ರಮ ಉಳಿಸಲು ಮಿತಿ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಕಟ್ಟಿಹಾಕುವುದು

ಮೂಗಿನ ನಳಿಕೆ ಕಿತ್ತುಕೊಳ್ಳುತ್ತಾರೆ, ರಾತ್ರಿ ಎದ್ದು ಹೊರಟುಬಿಡುತ್ತಾರೆ ಎಂದು ಹಳೆಯ ಸೀರೆಯಿಂದ ಕೈಯನ್ನು ಮಂಚಕ್ಕೆ ಕಟ್ಟುವುದು ಉಂಟು. ಕಟ್ಟುವವರ ಮನಸ್ಸಿನಲ್ಲಿ ಕೆಡುಕು ಇರಲಿಕ್ಕಿಲ್ಲ. ಆದರೂ ಇದು ಅಕ್ರಮ ಬಂಧನವೆಂಬ ಅಪರಾಧದ ವ್ಯಾಪ್ತಿಗೆ ಬರಬಹುದು. ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಕಟ್ಟಿದ ಕೈ ಬಾಯುವುದು, ಎಳೆದಾಡುವಾಗ ಚರ್ಮ ಹರಿಯುವುದು, ವಾಂತಿಯಾದಾಗ ತಿರುಗಲಾಗದೆ ಉಸಿರುಗಟ್ಟುವುದು ಇದರ ಅಪಾಯಗಳು. ನಿನ್ನೆಯವರೆಗೆ ಶಾಂತವಾಗಿದ್ದವರು ಇಂದು ಗದ್ದಲ ಮಾಡಿದರೆ ಅದಕ್ಕೆ ಕಾರಣವಿರುತ್ತದೆ. ಜ್ವರ, ಮೂತ್ರ ಕಟ್ಟಿರುವುದು, ನೋವು, ಹೊಸ ಮಾತ್ರೆ – ಇವನ್ನು ಮೊದಲು ನೋಡಿ, ವೈದ್ಯರಿಗೆ ತಿಳಿಸಿ.

ಮಾತ್ರೆ ಬೇಡವೆಂದವರಿಗೆ ಗಂಜಿಯಲ್ಲಿ ಕದ್ದು ಬೆರೆಸುವುದನ್ನೂ ಇದರ ಜೊತೆಗೇ ಹೇಳಬೇಕು. ಬುದ್ಧಿ ಸ್ವಾಧೀನದಲ್ಲಿರುವವರು ಬೇಡವೆಂದರೆ ಬೇಡ. ಸ್ವಾಧೀನದಲ್ಲಿಲ್ಲದವರಿಗೂ ವೈದ್ಯರನ್ನು ಕೇಳದೆ ಬೆರೆಸಬಾರದು. ಕೆಲವು ಮಾತ್ರೆಗಳನ್ನು ಪುಡಿಮಾಡಿದರೆ ಅಪಾಯ.

ನಿಮ್ಮದಲ್ಲದ ಕೆಲಸ

ಆರೈಕೆ ಸಹಾಯಕಿ ನರ್ಸ್ ಅಲ್ಲ. ನರ್ಸ್ ಆದವರು ತರಬೇತಿ ಮುಗಿಸಿ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಸ್ನಾನ, ಊಟ, ನಡೆದಾಡಿಸುವುದು, ಬಟ್ಟೆ ಬದಲಿಸುವುದು, ಬರೆದುಕೊಟ್ಟ ಮಾತ್ರೆಯನ್ನು ಹೊತ್ತಿಗೆ ಕೊಡುವುದು ಸಹಾಯಕಿಯ ಕೆಲಸ. ರಕ್ತನಾಳಕ್ಕೆ ಇಂಜೆಕ್ಷನ್, ಸಲೈನ್ ಏರಿಸುವುದು, ನಳಿಕೆ ಹಾಕುವುದು ಆಕೆಯ ಕೆಲಸವಲ್ಲ. 'ನೀನು ದವಾಖಾನೆಯಲ್ಲಿ ನೋಡಿದ್ದೀಯಲ್ಲ, ಹಾಕಿಬಿಡು' ಎಂದು ಮನೆಯವರು ಒತ್ತಾಯಿಸಿದರೆ ಬೇಡವೆನ್ನಿ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಚಿಕಿತ್ಸೆಯ ಸಂದರ್ಭದಲ್ಲಿ ಎರಡು ವರ್ಷದವರೆಗೆ ಶಿಕ್ಷೆ. ಉಳಿದವರಿಗೆ ಐದು ವರ್ಷದವರೆಗೆ. ಆಗ ಒತ್ತಾಯಿಸಿದವರು ಪಕ್ಕದಲ್ಲಿ ನಿಲ್ಲುತ್ತಾರೆಂಬ ಭರವಸೆಯಿಲ್ಲ.

ಅಪಾಯಕ್ಕೆ ಇಂಜೆಕ್ಷನ್ನೇ ಬೇಕೆಂದಿಲ್ಲ. ಮಲಗಿದಲ್ಲೇ ಬಾಯಿಗೆ ಅನ್ನ ಹಾಕಿದರೆ ಶ್ವಾಸಕೋಶಕ್ಕೆ ಇಳಿಯಬಹುದು, ಕೂರಿಸಿಯೇ ಉಣಿಸಿ. ಸಕ್ಕರೆ ಕಾಯಿಲೆಯವರು ಊಟ ಬಿಟ್ಟ ದಿನ ಎಂದಿನಂತೆ ಮಾತ್ರೆ ಕೊಡುವ ಮೊದಲು ವೈದ್ಯರನ್ನು ಕೇಳಿ.

ಒಂದು ನೋಟ್‌ಬುಕ್ ಇಡಿ. ಯಾವಾಗ ಮಗ್ಗುಲು ಬದಲಿಸಿದಿರಿ, ಏನು ಉಂಡರು, ಯಾವ ಮಾತ್ರೆ ಕೊಟ್ಟಿರಿ, ಎಲ್ಲಿ ಕೆಂಪು ಕಂಡಿತು, ಯಾರಿಗೆ ತಿಳಿಸಿದಿರಿ – ಸಮಯದೊಂದಿಗೆ ಬರೆಯಿರಿ. ನಾಳೆ ಆಪಾದನೆ ಬಂದರೆ ಬಡವರ ಪರ ಸಾಕ್ಷಿ ಹೇಳುವುದು ಇದೊಂದೇ. ಮಾಡದ ಕೆಲಸವನ್ನು ಮಾತ್ರ ಮಾಡಿದ್ದೇನೆಂದು ಬರೆಯಬೇಡಿ.

ಹೆಬ್ಬೆಟ್ಟು

ಗಂಗಾವತಿ ಸುತ್ತಿನಂಥ ನೀರಾವರಿ ಜಮೀನಿನ ಬೆಲೆ ಎಲ್ಲರಿಗೂ ಗೊತ್ತು. ಹಾಸಿಗೆಯಲ್ಲಿರುವವರ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸುವಾಗ ಕೈ ಹಿಡಿಯಲು, ಸಾಕ್ಷಿ ಹಾಕಲು ಆರೈಕೆಯವರನ್ನೇ ಕರೆಯುವುದುಂಟು. ಏನು ಬರೆದಿದೆಯೆಂದು ರೋಗಿಗೆ ತಿಳಿಯದಿದ್ದರೆ ಅದರಲ್ಲಿ ಭಾಗಿಯಾಗಬೇಡಿ. ವಯಸ್ಸು, ರೋಗದಿಂದ ಮನಸ್ಸು ಕುಗ್ಗಿದವರ ಮೇಲೆ ಪ್ರಭಾವ ಬೀರಿ ಪಡೆದ ಒಪ್ಪಿಗೆ 1872ರ ಕರಾರು ಕಾಯ್ದೆಯ ಪ್ರಕಾರ ರದ್ದಾಗಬಲ್ಲದು. ಈ ಮಾತು ಆರೈಕೆಯವರಿಗೂ ಅನ್ವಯ: ರೋಗಿ ಪ್ರೀತಿಯಿಂದ ಕೊಟ್ಟ ಬಂಗಾರವಾದರೂ ಮನೆಯವರಿಗೆ ತಿಳಿಯದೆ ತೆಗೆದುಕೊಳ್ಳಬೇಡಿ.

ಹಿರಿಯರೇ, ಆಸ್ತಿಯನ್ನು ಮಕ್ಕಳಿಗೆ ಬರೆದುಕೊಡುವಾಗ 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿರಿ. ಆಗ ಅವರು ಕೈಬಿಟ್ಟರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಪತ್ರವನ್ನು ರದ್ದುಪಡಿಸಿಕೊಳ್ಳಬಹುದು. ಅರ್ಜಿ ಕೇಳುವುದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ. ನೀವು ಹೋಗಲಾಗದಿದ್ದರೆ ಜೀವನಾಂಶದ ಅರ್ಜಿಯನ್ನು ನಿಮ್ಮ ಪರವಾಗಿ ಇನ್ನೊಬ್ಬರು ಕೊಡಬಹುದು. ಹಿರಿಯರನ್ನು ಎಲ್ಲಿಯಾದರೂ ಬಿಟ್ಟುಬರುವುದು ಇದೇ ಕಾಯ್ದೆಯಡಿ ಶಿಕ್ಷಾರ್ಹ.

ಬದುಕುವ ಆಸೆಯಿಲ್ಲವೆಂದು ನಳಿಕೆ ತೆಗೆಸುವ ಪ್ರಶ್ನೆ ಬಂದರೆ ಅದನ್ನು ಮನೆಯವರಾಗಲಿ ಆಯಾ ಆಗಲಿ ತಾವೇ ತೀರ್ಮಾನಿಸುವಂತಿಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ 2023ರಲ್ಲಿ ಸರಳಗೊಳಿಸಿದ ಕ್ರಮದಂತೆ ವೈದ್ಯರ ಎರಡು ಮಂಡಳಿಗಳು ಪರಿಶೀಲಿಸಬೇಕು.

ಕೊನೆಗೆ ಮನೆಯವರಿಗೆ ಎರಡು ಮಾತು. ಹಗಲೂ ರಾತ್ರಿ ಒಬ್ಬಳನ್ನೇ ದುಡಿಸಿದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರು ಯಾರು? ರಾತ್ರಿಗೆ ಸರದಿ ಮಾಡಿಕೊಳ್ಳಿ, ವಾರಕ್ಕೊಂದು ರಜೆ ಕೊಡಿ. ಮನೆಗೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಆಕೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಹಿರಿಯರ ಮೇಲೆ ದೌರ್ಜನ್ಯ ಕಂಡವರು, ಅಕ್ಕಪಕ್ಕದವರಾದರೂ ಸರಿ, 14567ಕ್ಕೆ ಉಚಿತವಾಗಿ ಫೋನ್ ಮಾಡಬಹುದು.