ಶಾಮಿಯಾನ ಬೇಡ, ತರಗತಿಯ ಬಾಗಿಲು ತೆರೆಯಿರಿ

ಹಳ್ಳಿ ಶಾಲೆಗೆ ಹೊಸದಾಗಿ ಬಂದಿರುವ ಮೇಷ್ಟ್ರುಗಳೇ, ಮೇಡಂಗಳೇ, ನಿಮ್ಮಲ್ಲೂ ಒಂದು ಓಪನ್ ಹೌಸ್ ಮಾಡಬೇಕೆಂದು ಹೊರಟಿದ್ದೀರಿ. ತುಂಬ ಒಳ್ಳೆಯದು, ಮಾಡಿ. ಆದರೆ ಶಾಮಿಯಾನದವರಿಗೆ ಫೋನ್ ಮಾಡುವ ಮೊದಲು ನನ್ನ ನಾಲ್ಕು ಮಾತು ಕೇಳಿ. ಮಂಡ್ಯ, ಹಾಸನ, ತುಮಕೂರು ಸೀಮೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲೇ ನನ್ನ ನೌಕರಿ ಕಳೆದದ್ದು. ನಾನು ಹೇಳುವುದು ಇಲ್ಲಿಗೆ ಒಪ್ಪುವ ಮಾತು. ಬೇರೆ ಕಡೆ ಇರುವವರು ಅಲ್ಲಿನ ಬೆಳೆ, ಸಂತೆ, ಜಾತ್ರೆ ನೋಡಿಕೊಂಡು ಬದಲಿಸಿಕೊಳ್ಳಿ.

ಮೊದಲು ದಿನ ಗೊತ್ತುಮಾಡಿ, ಅದರಲ್ಲೇ ಅರ್ಧ ಕೆಲಸ ಇದೆ. ನಮ್ಮ ದಾಖಲಾತಿ ಆಂದೋಲನ ನಡೆಯುವುದು ಮೇ, ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಪಟ್ಟಣದ ಖಾಸಗಿ ಶಾಲೆಗಳ ಅಡ್ಮಿಷನ್ ಮುಗಿದು, ಹಳದಿ ವ್ಯಾನು ಯಾವ ಮನೆ ಮುಂದೆ ನಿಲ್ಲಬೇಕೆಂಬುದೂ ತೀರ್ಮಾನವಾಗಿರುತ್ತದೆ. ಆಮೇಲೆ ಬ್ಯಾನರ್ ಹಿಡಿದು ಜಾಥಾ ಮಾಡಿದರೆ ಮಕ್ಕಳ ಕಾಲು ನೋಯುತ್ತದೆಯೇ ಹೊರತು ಯಾವ ಮನೆಯವರೂ ಮನಸ್ಸು ಬದಲಿಸುವುದಿಲ್ಲ. ಸಂಕ್ರಾಂತಿ ಕಳೆಯಲಿ, ರಾಗಿ ಒಕ್ಕಣೆ ಮುಗಿದು ಜನಕ್ಕೆ ಉಸಿರಾಡಲು ಬಿಡುವಾಗಲಿ. ಊರಹಬ್ಬಗಳು ಶುರುವಾಗುವುದಕ್ಕೆ ಮುಂಚೆ, ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ಒಂದು ದಿನ ಆರಿಸಿ. ಮಕ್ಕಳು ಏಳೆಂಟು ತಿಂಗಳು ಕಲಿತಿರುತ್ತಾರೆ, ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ. ವಾರ್ಷಿಕ ಪರೀಕ್ಷೆಯ ಗಲಾಟೆಯೂ ಇನ್ನೂ ಹತ್ತಿರ ಬಂದಿರುವುದಿಲ್ಲ.

ಯಾವ ವಾರ? ಶನಿವಾರ ಹೇಗೂ ಬೆಳಗಿನ ಶಾಲೆ, ಅಂದೇ ಮುಗಿಸೋಣ ಎಂದು ನಿಮ್ಮ ಸಹೋದ್ಯೋಗಿಗಳು ಹೇಳುತ್ತಾರೆ. ಒಪ್ಪಬೇಡಿ. ಮದ್ದೂರು, ಮಂಡ್ಯದ ಸುತ್ತಮುತ್ತ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಭಾನುವಾರ ಒಂದೇ ಬಿಡುವು. ಅವರು ವ್ಯಾನು ಹತ್ತುವಾಗ ಮಗು ನಿದ್ದೆಯಲ್ಲಿರುತ್ತದೆ, ಇಳಿಯುವಾಗ ಕತ್ತಲಾಗಿರುತ್ತದೆ. ಶಾಲೆಯನ್ನು ಹೊರಗಿನಿಂದ ಮಾತ್ರ ಕಂಡವರು ಅವರೇ. ಬಿಇಒ ಕಚೇರಿಗೆ ಮುಂಚಿತವಾಗಿ ಪತ್ರ ಬರೆದು ಒಂದು ಭಾನುವಾರವನ್ನು ಶಾಲೆಯ ದಿನ ಮಾಡಿಕೊಂಡು, ಬದಲಿಗೆ ಬೇರೆ ದಿನ ರಜೆ ಕೇಳಿ. ಕಾರಣ ಕೇಳಿದರೆ ಕಾನೂನನ್ನೇ ತೋರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ತಂದೆತಾಯಿಯರ ಸಭೆ ನಿಯಮಿತವಾಗಿ ಕರೆದು ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿ ತಿಳಿಸುವುದನ್ನು ಶಿಕ್ಷಕರ ಕರ್ತವ್ಯವೆಂದೇ ಹೇಳುತ್ತದೆ. ಸುತ್ತೋಲೆ ಬರಲಿ ಎಂದು ಕಾಯುವುದು ಬೇಡ.

ಕರೆಯುವುದು ಹೇಗೆ? ಅಚ್ಚು ಹಾಕಿಸಿದ ಆಹ್ವಾನ ಪತ್ರಿಕೆಗೆ ದುಡ್ಡು ಸುರಿಯಬೇಡಿ. ನಮ್ಮ ಊರುಗಳಲ್ಲಿ ಎಲ್ಲ ಜಾತಿಯ, ಎಲ್ಲ ಕೇರಿಯ ಜನ ದಿನಕ್ಕೆರಡು ಸಲ ಬಂದು ನಿಲ್ಲುವ ಜಾಗ ಹಾಲಿನ ಡೇರಿ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಾಗಿ ನಿಂತಿರುವಾಗ ನೀವೇ ಹೋಗಿ ಹೇಳಿ. ಹಸು ಇಲ್ಲದ ಮನೆಗಳೂ ಇರುತ್ತವೆ, ಮರೆಯಬೇಡಿ. ಕೂಲಿಗೆ ಹೋಗುವವರನ್ನು ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಹಿಡಿಯಬಹುದು. ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಿ. ಮುಂದಿನ ವರ್ಷ ಒಂದನೇ ತರಗತಿಗೆ ಬರಬೇಕಾದ ಮಗು ಯಾವ ಮನೆಯಲ್ಲಿದೆ ಎಂಬುದು ಆಕೆಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದರ ಮೇಲೆ ಪ್ರತಿ ಮಗುವೂ ತನ್ನ ಕೈಯಾರೆ ಒಂದು ಕಾಗದ ಬರೆದು ಮನೆಗೆ ಒಯ್ಯಲಿ. ಅಕ್ಷರ ವಕ್ರವಾಗಿದ್ದರೂ ತಿದ್ದಬೇಡಿ.

ಈಗ ಏನು ತೋರಿಸುವುದು ಎಂಬ ಮಾತಿಗೆ ಬರುತ್ತೇನೆ. ವೇದಿಕೆ, ಹಾರ, ಶಾಲು, ಸಿನಿಮಾ ಹಾಡಿಗೆ ಕುಣಿತ ಇವೆಲ್ಲ ವಾರ್ಷಿಕೋತ್ಸವಕ್ಕಿರಲಿ. ಅಂದು ಊರಿನವರು ನೋಡಬೇಕಾದದ್ದು ದಿನವೂ ನಡೆಯುವ ಪಾಠ. ನಲಿಕಲಿ ಕೊಠಡಿಯಿಂದಲೇ ಶುರುಮಾಡಿ, ಏಕೆಂದರೆ ಊರಿನವರ ಅನುಮಾನವೆಲ್ಲ ಅಲ್ಲಿದೆ. ‘ಚಾಪೆ ಮೇಲೆ ಕೂತು ಆಟ ಆಡ್ತಾರೆ, ಅಆಇಈ ಹೇಳಿಕೊಡಲ್ಲ’ ಎಂಬ ದೂರು ನಿಮ್ಮ ಕಿವಿಗೂ ಬಿದ್ದಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮಂಥ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಅದು. ಅಲ್ಲಿಂದ ರಾಜ್ಯಕ್ಕೆಲ್ಲ ಹರಡಿತು. ಅಷ್ಟಾದರೂ ತಾಯಂದಿರನ್ನು ಕೂರಿಸಿ ಅದನ್ನು ತೋರಿಸಿದವರು ಕಡಿಮೆ. ಭಾಷಣ ಮಾಡಬೇಡಿ. ಅವರನ್ನೂ ಚಾಪೆಯ ಮೇಲೆ ಕೂರಿಸಿ, ಮಗುವಿನ ಮುಂದೆ ರ, ಗ, ಸ, ದ, ಅ ಎಂಬ ಅಕ್ಷರದ ಕಾರ್ಡುಗಳನ್ನು ಇಡಿ. ಆ ಐದರಲ್ಲೇ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಜೋಡಿಸಿ ಓದುತ್ತದೆ. ಇಡೀ ವರ್ಣಮಾಲೆ ಬಾಯಿಪಾಠ ಮಾಡಿಯೂ ಒಂದು ಪದ ಓದಲಾಗದ ಮಕ್ಕಳನ್ನು ಹಿಂದೆ ಎಷ್ಟೋ ಕಂಡಿದ್ದೇವೆ. ಅಕ್ಷರದ ಕ್ರಮ ಯಾಕೆ ಬದಲಾಯಿತು ಎಂಬುದು ಆ ಕಾರ್ಡುಗಳ ಮುಂದೆ ತಾನಾಗಿ ತಿಳಿಯುತ್ತದೆ. ಆಮೇಲೆ ಗೋಡೆಯ ಕಲಿಕಾ ಏಣಿಯಲ್ಲಿ ಈ ಮಗು ಎಲ್ಲಿಗೆ ಬಂದಿದೆ, ಮುಂದಿನ ಮೆಟ್ಟಿಲು ಯಾವುದು ಎಂದು ಮಗುವಿನ ಬೆರಳಲ್ಲೇ ತೋರಿಸಿ.

ಇಂಗ್ಲಿಷ್ ಬಗ್ಗೆ ಕೇಳೇ ಕೇಳುತ್ತಾರೆ, ಕೇಳುವುದು ಸರಿಯೂ ಹೌದು. ನಮ್ಮ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ ಎಂಬುದೇ ಎಷ್ಟೋ ಜನಕ್ಕೆ ತಿಳಿಯದು. ಅದಕ್ಕಾಗಿ ಚೂಟಿಯಾದ ಒಂದು ಮಗುವಿಗೆ ಇಂಗ್ಲಿಷ್ ಭಾಷಣ ಉರು ಹೊಡೆಸಿ ನಿಲ್ಲಿಸಬೇಡಿ, ಊರಿನವರಿಗೆ ಅದು ಗೊತ್ತಾಗುತ್ತದೆ. ಐದನೇ ತರಗತಿಯ ಪಾಠಪುಸ್ತಕ ಮೇಜಿನ ಮೇಲಿಡಿ. ಯಾವ ಅಪ್ಪನಾದರೂ ಯಾವ ಪುಟವನ್ನಾದರೂ ತೆರೆದು ತನ್ನ ಮಗಳಿಂದ ಓದಿಸಲಿ. ಅವಳು ತಡವರಿಸಿದರೆ ತಡವರಿಸಲಿ, ಈಗ ಇಲ್ಲಿಗೆ ಬಂದಿದ್ದಾಳೆ, ಏಪ್ರಿಲ್ ಹೊತ್ತಿಗೆ ಇಷ್ಟು ಓದಿಸುತ್ತೇವೆ ಎಂದು ನಿಜ ಹೇಳಿ.

ಗೇಟಿನಿಂದ ಒಳಗೆ ಕರೆದುಕೊಂಡು ಬರುವವರು, ವಿವರಿಸುವವರು ಮಕ್ಕಳೇ ಆಗಿರಲಿ. ಆರನೇ, ಏಳನೇ ತರಗತಿಯವರಿಗೆ ಹಿಂದಿನ ದಿನ ದಾರಿ ತೋರಿಸಿಕೊಟ್ಟರೆ ಸಾಕು. ಮಾತು ಅವರದೇ ಇರಲಿ.

ಒಂದು ವಿಷಯಕ್ಕೆ ಬಹಳ ಜೋಪಾನ ಬೇಕು. ಓದುಬರಹ ಬಾರದ ತಾಯಂದಿರು ಶಾಲೆಯ ಗೇಟಿನ ಹೊರಗೇ ಸೆರಗು ಹಿಡಿದು ನಿಲ್ಲುತ್ತಾರೆ. ಬಾಗಿಲಲ್ಲೇ ರಿಜಿಸ್ಟರು, ಇಂಕ್ ಪ್ಯಾಡು ಇಟ್ಟು ಹತ್ತು ಜನರ ಮುಂದೆ ಹೆಬ್ಬೆಟ್ಟು ಒತ್ತಿಸಿದರೆ ಮುಂದಿನ ಸಲ ಅವರು ಬರುವುದಿಲ್ಲ. ಬಂದವರ ಹೆಸರನ್ನು ಅವರವರ ಮಗುವೇ ಬರೆಯಲಿ. ತನ್ನ ಹೆಸರನ್ನು ತನ್ನ ಮಗು ಕಾಗದದ ಮೇಲೆ ಬರೆಯುವುದನ್ನು ನೋಡುವಾಗ ಆ ತಾಯಿಯ ಮುಖವನ್ನು ನೀವೂ ಒಮ್ಮೆ ನೋಡಿ.

ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ಯಾರು ಮೊದಲು ಯಾರು ಕೊನೆ ಎಂದು ಮೈಕಿನಲ್ಲಿ ಓದಬೇಡಿ. ಹಿಂದುಳಿದ ಮಗುವಿನ ಮನೆಯವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಜೂನ್ ತಿಂಗಳ ನೋಟ್‌ಬುಕ್ ಪುಟ ಮತ್ತು ಈ ವಾರದ ಪುಟ ಎರಡನ್ನೂ ಜೊತೆಗಿಟ್ಟು ತೋರಿಸಿ. ಈ ಎರಡರ ನಡುವೆ ಆದದ್ದೇನು ಎಂಬುದರಿಂದ ಮಾತು ಶುರುವಾಗಲಿ. ‘ನಿಮ್ಮ ಹುಡುಗನ ತಲೆಗೆ ಹತ್ತಲ್ಲ’ ಎಂಬ ಮಾತನ್ನು ಒಬ್ಬ ಶಿಕ್ಷಕ ಆಡಿದರೆ ಆ ಮಗುವಿನ ಓದು ಮನೆಯಲ್ಲಿ ಅಂದೇ ನಿಲ್ಲುತ್ತದೆ. ಮರುದಿನದಿಂದ ಕುರಿ ಕಾಯಲು ಕಳಿಸಿದರೂ ಕೇಳುವವರಿಲ್ಲ. ಆ ಮಾತು ನಿಮ್ಮ ಬಾಯಲ್ಲಿ ಯಾವ ಸಿಟ್ಟಿನಲ್ಲೂ ಬರಬಾರದು. ಇದನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಅಡುಗೆಮನೆ, ದಾಸ್ತಾನು ಕೋಣೆ, ಶೌಚಾಲಯ ಮೂರನ್ನೂ ತೆರೆದಿಡಿ. ಅಕ್ಕಿ, ತೊಗರಿಬೇಳೆಯ ಮೂಟೆಗಳನ್ನು ಮುಟ್ಟಿ ನೋಡಲಿ. ಕ್ಷೀರಭಾಗ್ಯದ ಹಾಲು 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹೇಗಾಗುತ್ತದೆ ಎಂದು ಅಡುಗೆಯವರೇ ತೋರಿಸಲಿ. ಡೇರಿಗೆ ಹಾಲು ಹಾಕುವ ಹೆಂಗಸರು ಇದನ್ನು ಬಲು ಆಸಕ್ತಿಯಿಂದ ನೋಡುತ್ತಾರೆ, ಪ್ರಶ್ನೆಯನ್ನೂ ಕೇಳುತ್ತಾರೆ. ಮಕ್ಕಳ ಊಟವಾದ ಮೇಲೆ ಬಂದವರಿಗೂ ಅದೇ ಅನ್ನಸಾರು ಸಿಗಲಿ, ಅದಕ್ಕೆ ಬೇಕಾದ ಸಾಮಾನನ್ನು ಎಸ್‌ಡಿಎಂಸಿ ಸದಸ್ಯರು ಹೊಂದಿಸಲಿ. ಶೌಚಾಲಯದ ಮಾತು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಹನ್ನೆರಡು ವರ್ಷದ ಮಗಳಿರುವ ತಾಯಿ ಮೊದಲು ಹೋಗಿ ನೋಡುವುದೇ ಅದನ್ನು. ಒಳಗಿನ ಚಿಲಕ ಸರಿಯಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಹದಿನೈದು ದಿನ ಮುಂಚೆಯೇ ನೋಡಿಸಿ. ಇನ್ನೂ ಸರಿಯಾಗಿಲ್ಲದಿದ್ದರೆ ಬೀಗ ಹಾಕಿ ಮುಚ್ಚಿಡಬೇಡಿ. ತೋರಿಸಿ. ಪಂಚಾಯ್ತಿ ಸದಸ್ಯರು ಅಂದು ಅಲ್ಲೇ ಇರುತ್ತಾರಲ್ಲ.

ಅವರನ್ನು ಕರೆಯಲೇಬೇಕು, ಮರ್ಯಾದೆಯಿಂದ ಕರೆಯಿರಿ. ಭಾಷಣಕ್ಕೆ ಬದಲು ಒಂದೊಂದು ತರಗತಿಯಲ್ಲಿ ಮಕ್ಕಳ ಜೊತೆ ಒಂದು ಲೆಕ್ಕ ಬಿಡಿಸಲು ಹೇಳಿ. ಬಹಳ ಜನ ಖುಷಿಯಿಂದ ಒಪ್ಪುತ್ತಾರೆ.

ಕೊನೆಗೆ ಅರ್ಧ ಗಂಟೆ ನೀವು ಸುಮ್ಮನೆ ಕೂತು ಕೇಳಿ. ದೂರುಗಳು ಬರುತ್ತವೆ: ಶಿಕ್ಷಕರು ಕಡಿಮೆ, ಕಾಂಪೌಂಡು ಬಿದ್ದಿದೆ, ಹೋಂವರ್ಕ್ ಕೊಡುವುದಿಲ್ಲ, ಒಬ್ಬ ಮೇಷ್ಟ್ರು ಹೊಡೆಯುತ್ತಾರೆ. ಪ್ರತಿಯೊಂದಕ್ಕೂ ಅಲ್ಲೇ ಸಮಜಾಯಿಷಿ ಕೊಡಲು ಹೋಗಬೇಡಿ, ಬರೆದುಕೊಳ್ಳಿ. ಹೊಡೆಯುವ ಮಾತು ಬಂದರೆ ಮಾತ್ರ, ಇನ್ನು ಮುಂದೆ ಆಗುವುದಿಲ್ಲ ಎಂದು ಅಲ್ಲೇ ಹೇಳಿ, ಆಗದಂತೆ ನೋಡಿಕೊಳ್ಳಿ. ಉಳಿದವುಗಳಲ್ಲಿ ನಿಮ್ಮ ಕೈಯಲ್ಲಾಗುವ ಒಂದನ್ನು ಆ ವಾರವೇ ಮಾಡಿ ಮುಗಿಸಿ, ಮಾಡಿದ್ದೇವೆಂದು ಡೇರಿಯ ಹಲಗೆಯ ಮೇಲೆ ಬರೆಯಿರಿ. ಮೇಲಿನ ಕಚೇರಿಗೆ ಹೋಗಬೇಕಾದದ್ದಕ್ಕೆ ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಮಾಡಿಸಿ ಕಳಿಸಿ.

ಫೋಟೊಗಳನ್ನು ವಾಟ್ಸಾಪ್ ಗುಂಪಿಗೆ ಹಾಕಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಹಾಜರಿ ಪುಸ್ತಕ ತೆರೆದು, ಯಾರ ಮನೆಯಿಂದ ಒಬ್ಬರೂ ಬರಲಿಲ್ಲ ಎಂಬ ಪಟ್ಟಿ ಮಾಡಿ. ವಾರಕ್ಕೆ ನಾಲ್ಕು ದಿನ ಬಂದು ಎರಡು ದಿನ ತಪ್ಪಿಸುವ ಮಕ್ಕಳ ಮನೆಗಳೇ ಅದರಲ್ಲಿ ಹೆಚ್ಚು. ಸಂಜೆ ಆರರ ಮೇಲೆ, ಕೂಲಿಯಿಂದ ಬಂದು ಕೈಕಾಲು ತೊಳೆದುಕೊಂಡ ಹೊತ್ತಿನಲ್ಲಿ, ಆ ಮನೆಗಳಿಗೆ ನೀವೇ ಹೋಗಿ. ಯಾಕೆ ಬರಲಿಲ್ಲ ಎಂದು ಕೇಳಬೇಡಿ. ಮಗುವಿನ ಆ ಎರಡು ಪುಟಗಳನ್ನು ಜೊತೆಗೆ ಒಯ್ಯಿರಿ, ಜಗುಲಿಯ ಮೇಲೆ ಕೂತು ತೋರಿಸಿ. ಕಾಫಿ ಕೊಟ್ಟರೆ ಬೇಡವೆನ್ನದೆ ಕುಡಿಯಿರಿ, ಯಾವ ಕೇರಿಯಾದರೂ ಸರಿ.